ಹಸಿದ ಕೌದಿ

"ಕಟ್! ಕಟ್! ಎಂತ ಮಾರಾಯ, ಮತ್ತೆ ಬಿದ್ದೆಯಾ?"

ಕ್ಯಾಮೆರಾ ಹಿಡಿದಿದ್ದ ಅಕ್ಷಿತ್ ತಲೆ ಚಚ್ಚಿಕೊಂಡ. ಸೂಪರ್‌ಹೀರೋ ಆಂಟನಿ ಮರಳಿನ ರಾಶಿಯಲ್ಲಿ ಮಕಾಡೆ ಬಿದ್ದಿದ್ದ. ಪ್ಯಾಂಟಿನ ಮೇಲೆ ಹಸಿರು ಚಡ್ಡಿ, ಬೆನ್ನಿಗೆ ಬಣ್ಣಬಣ್ಣದ ಕೌದಿ! ಸವಿತಾ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಅಕ್ಷಿತ್, ಆಂಟನಿ ಇಬ್ಬರೂ ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದುವವರು. ಸಿನಿಮಾ ತೆಗೆಯಲು ಪರ್ಕಳಕ್ಕೆ ಬಂದಿದ್ದರು. ಕ್ಯಾಮೆರಾ ಅಕ್ಷಿತನ ಮಾವ ದುಬಾಯಿಯಿಂದ ತಂದದ್ದು, ಚಡ್ಡಿ ಆಂಟನಿಯ ತಮ್ಮನದ್ದು. ಬೆನ್ನಿಗೆ ಕಟ್ಟಲು ತಂದಿದ್ದ ಟವೆಲ್ ಮಾತ್ರ ತೀರಾ ಗಿಡ್ಡ.

"ನಮ್ಮನ್ಯಾಗ ಕೌದಿ ಐತಿ, ತರ್ಲೇನ್ರಿ?" ಎಂದವಳು ಸವಿತಾ. ಅಲ್ಲೇ ಕಟ್ಟುತ್ತಿರುವ ಬಿಲ್ಡಿಂಗಿನ ಪಕ್ಕದ ಶೆಡ್ಡೇ ಅವಳ ಮನೆ.

ಹಳೆ ಸೀರೆ ತುಂಡುಗಳನ್ನು ಸೇರಿಸಿ ಅವ್ವ ಹೊಲಿದ ಕೌದಿ ಅದು. ಊರಲ್ಲಿ ಅಜ್ಜಿ ಹತ್ತಿರ ಬಾಣಂತನಕ್ಕಿರುವ ಶಶಿಕಲಕ್ಕನಿಗೂ ಪಾಪುವಿಗೂ ಹೊದೆಯಲು. ನಾಳೆ ಅಪ್ಪ ಊರಿಗೆ ಒಯ್ಯಬೇಕು. "ನನಗೂ ಒಂದು ಹೊಲಿ" ಎಂದರೆ ಅವ್ವ, "ನೀ ಏನ ಕೂಸೇನ?" ಎಂದು ನಕ್ಕಿದ್ದಳು. ಆ ಸಿಟ್ಟು ಇನ್ನೂ ಇಳಿದಿರಲಿಲ್ಲ. ಅದಕ್ಕೇ ಸವಿತಾ ಯಾರನ್ನೂ ಕೇಳದೆ ಕೌದಿ ತಂದುಕೊಟ್ಟಿದ್ದಳು.

ಆಂಟನಿ ಮತ್ತೆ ಕೆಂಪು ಕಲ್ಲಿನ ರಾಶಿ ಹತ್ತಿದ. "ನಾನು ಕೌದಿಮ್ಯಾನ್!" ಎಂದು ಹಾರಿದ. ಧೊಪ್!

"ಸವೀ!"

ಕೆಲಸ ಮುಗಿಸಿ ಬಂದ ಅವ್ವ ಬುತ್ತಿಗಂಟು ಹಿಡಿದು ನಿಂತಿದ್ದಳು. ಸವಿತಾಳ ನಗು ಗಕ್ಕನೆ ನಿಂತಿತು.

"ಬೈಬೇಡಿ ಅಕ್ಕ, ಒಗೆದು ಕೊಡ್ತೇವೆ" ಎಂದ ಅಕ್ಷಿತ್.

ಅವ್ವ ಕೌದಿ ಝಾಡಿಸಿದಳು. ಒಂದು ಮೂಲೆ ನೋಡಿ ಹಣೆ ಬಡಿದುಕೊಂಡಳು.

"ಅಯ್ಯ ನನ್ನವ್ವ! ಮೂಲಿ ಮುಚ್ಚಿಲ್ಲ, ಒಳಗ ರೊಟ್ಟಿ ಇಟ್ಟಿಲ್ಲ. ಹಸಿದ ಕೌದಿ ಕಟಗೊಂಡು ಹಾರಿದ್ರ ಬೀಳ್ದ ಏನ ಮಾಡ್ತಾನ?"

"ಕೌದಿಗೂ ಹಸಿವಾ?" ಆಂಟನಿ ಬಾಯಿಬಿಟ್ಟ.

"ಮತ್ತ? ಕಡೀ ಹೊಲಿಗಿ ಹಾಕೂ ಮುಂದ ಚೂರು ರೊಟ್ಟಿ ಇಡ್ತೀವ್ರಿ. ಹೊತಗೊಂಡವ್ರು ಎಂದೂ ಉಪವಾಸ ಇರಬಾರದಂತ."

ಅವ್ವ ಸವಿತಾಳ ಕಡೆ ತಿರುಗಿದಳು. "ನಿನ್ನ ಕೈಲೆ ಇಡಸೂಣಂತ ಬಿಟ್ಟಿದ್ದೆ. ಆ ಕೂಸಿಗೆ ಚಿಗವ್ವ ಯಾರು? ನೀನ ಅಲ್ಲೇನ?"

ಚಿಗವ್ವ! ಪಾಪುವಿನ ಚಿಕ್ಕಮ್ಮ! ಸವಿತಾಳಿಗೆ ನಾಚಿಕೆಯೂ ಆಯಿತು, ಅಳುವೂ ಬಂತು. ಬುತ್ತಿಯಿಂದ ಜೋಳದ ರೊಟ್ಟಿಯ ಚೂರು ಮುರಿದು ಮೂಲೆಯಲ್ಲಿಟ್ಟಳು. ಅವ್ವ ಸೂಜಿ ತಂದು ಮೂಲೆ ಹೊಲಿದಳು.

"ಹಾರಪ್ಪ ಈಗ!"

ಆಂಟನಿ ಮತ್ತೆ ಕೌದಿ ಕಟ್ಟಿಕೊಂಡು ಹಾರಿದ. ಈ ಸಲ ಎರಡೂ ಕಾಲ ಮೇಲೆ ನಿಂತ! ತನಗೇ ನಂಬಿಕೆಯಾಗದೆ ಕಾಲು ನೋಡಿಕೊಂಡ.

"ಓಕೆ! ಸೂಪರ್!" ಅಕ್ಷಿತ್ ಕುಣಿದ.

"ಅಕ್ಕ, ಕೌದಿಗೆ ಹೊಟ್ಟೆ ತುಂಬಿತು. ಹೀರೋಗೆ ರೊಟ್ಟಿ ಉಂಟಾ?" ಎಂದ ಆಂಟನಿ.

ಎಲ್ಲರೂ ರೊಟ್ಟಿ ತಿನ್ನಲು ಕುಳಿತರು. ಸವಿತಾ ಮಾತ್ರ ಕೌದಿಗೆ ಅಂಟಿದ ಮರಳನ್ನೆಲ್ಲ ಕೊಡವಿದಳು. ಮೂಲೆಯನ್ನು ಬೆರಳಿಂದ ಒತ್ತಿ ನೋಡಿದಳು. ರೊಟ್ಟಿ ಚೂರು ಅಲ್ಲೇ ಇತ್ತು. ಕೌದಿ ಮಡಚಿ ಅಪ್ಪನ ಚೀಲದಲ್ಲಿಟ್ಟಳು. ಅಷ್ಟರಲ್ಲಿ ಅಪ್ಪನೂ ಕೆಲಸ ಮುಗಿಸಿ ಬಂದ.

"ಅಪ್ಪಾ, ಈ ಮೂಲಿ ಪಾಪೂನ ಕಡೆ ಬರ್ಬೇಕು. ಚಿಗವ್ವ ಹೇಳ್ಯಾಳಂತ ಅಕ್ಕಗ ಹೇಳು."