ಹೊರಡುವ ಮೊದಲು ಒಂದು ಎಕ್ಸ್‌ರೇ

"ಮಿಷಿನ್ ಇವತ್ತೂ ಕೆಟ್ಟಿದೆ," ಅಂದ ಹಲ್ಲಿನ ಡಾಕ್ಟರ್, ಕೈ ತೊಳೆಯುತ್ತ, ಅವಳ ಕಡೆ ನೋಡದೆ. "ಮುಂದಿನ ವಾರ ನೋಡೋಣ."

"ಮುಂದಿನ ವಾರ ನಾನಿರಲ್ಲ ಡಾಕ್ಟ್ರೇ."

ಅವನು ನಲ್ಲಿ ನಿಲ್ಲಿಸಲಿಲ್ಲ. ನೀರು ಸುಮ್ಮನೆ ಹರಿಯುತ್ತಲೇ ಇತ್ತು.

ಮನೆಯಲ್ಲಿ ಎಲ್ಲ ಕೆಲಸ ಮುಗಿದಿತ್ತು. ಸ್ಕೂಟರ್ ಮಾರಿಯಾಗಿತ್ತು. ಗ್ಯಾಸು, ಕರೆಂಟು ಅಕ್ಕನ ಹೆಸರಿಗೆ ಬದಲಾಗಿದ್ದವು. ಹೂಕುಂಡಗಳು ಪಕ್ಕದ ಮನೆ ಟೀಚರಮ್ಮನ ಬಾಲ್ಕನಿ ಸೇರಿದ್ದವು. ಚುಚ್ಚುಮದ್ದುಗಳಿಂದ ತೋಳು ಇನ್ನೂ ನೋಯುತ್ತಿತ್ತು. ಯುದ್ಧ ನಡೆಯುತ್ತಿರುವ ದೂರದೇಶದ ಟೆಂಟ್ ಆಸ್ಪತ್ರೆಯೊಂದಕ್ಕೆ ಸುಟ್ಟಗಾಯ ನೋಡಿಕೊಳ್ಳುವ ನರ್ಸ್ ಬೇಕಿತ್ತು. ಸಂಬಳವಿಲ್ಲ. ಅವಳು ಒಪ್ಪಿಕೊಂಡಿದ್ದಳು. ನಲವತ್ತು ದಾಟಿದ ಹೆಂಗಸು, ಮದುವೆ ಎಂಬುದು ಯಾವತ್ತೋ ಮುರಿದುಬಿದ್ದ ಮಾತು. ಹೋಗುವುದಕ್ಕೆ ಅಡ್ಡಿಯೇನೂ ಇರಲಿಲ್ಲ. ಅಡ್ಡಿ ಇಲ್ಲದಿರುವುದೇ ಕೆಲವು ಸಲ ಎದೆಗೆ ಚುಚ್ಚುತ್ತಿತ್ತು.

ಅಲ್ಲಿ ಹಲ್ಲಿನ ಡಾಕ್ಟರಿಲ್ಲ, ಎಲ್ಲ ಸರಿಮಾಡಿಸಿಕೊಂಡೇ ಬನ್ನಿ ಎಂದು ಸಂಸ್ಥೆಯವರು ಹೇಳಿದ್ದರಿಂದ ಅವಳು ಈ ಕ್ಲಿನಿಕ್ಕಿಗೆ ಬರತೊಡಗಿದ್ದು. ಅವನು ಹುಳುಕು ಕೆರೆದ, ತುಂಬಿದ, ಬುದ್ಧಿಹಲ್ಲು ಕಿತ್ತ. ಬಾಯಿ ತುಂಬ ಹತ್ತಿ ಇಟ್ಟು, "ಏನು ಓದ್ತೀರಿ? ಒಬ್ರೇ ಊಟಕ್ಕೆ ಕೂತರೆ ಬೇಜಾರಾಗಲ್ವಾ?" ಎಂದೆಲ್ಲ ಕೇಳುವನು. ಅವಳು ಕಣ್ಣಲ್ಲೇ ಉತ್ತರ ಕೊಡಬೇಕು.

ಒಮ್ಮೆ ಹತ್ತಿ ತೆಗೆದ ಮೇಲೆ, "ಈಗ ಕೇಳಿ ನೋಡೋಣ," ಅಂದಿದ್ದಳು.

ಅವನ ಕಿವಿ ಕೆಂಪಾಯಿತು. "ತಿರುಗಿ ಮಾತಾಡೋಕಾಗದವರ ಹತ್ರ ಮಾತ್ರ ನನಗೆ ಧೈರ್ಯ."

ಮಾಸ್ಕಿನ ಮೇಲಿನ ಆ ಕಣ್ಣುಗಳನ್ನು ಅವಳು ದೀಪದ ಕೆಳಗೆ ಬಹಳ ಹತ್ತಿರದಿಂದ ನೋಡಿದ್ದಳು. ಎಡಗಣ್ಣಿನ ರೆಪ್ಪೆಯಲ್ಲಿ ಒಂದೇ ಒಂದು ಬಿಳಿ ಕೂದಲಿತ್ತು. ಅದು ಅವನಿಗೂ ಗೊತ್ತಿರಲಿಕ್ಕಿಲ್ಲ.

"ಆ ಮನುಷ್ಯ ಕೀಳ್ತಿರೋದು ಹಲ್ಲಲ್ಲ ಬಿಡೇ," ಸ್ವೆಟರ್ ಮಡಚುತ್ತ ಅಕ್ಕ ಛೇಡಿಸಿದ್ದಳು. "ಹಲ್ಲಿದ್ದಾಗ ಕಡಲೆ ಇಲ್ಲ ಅಂತಾರೆ. ನಿನಗೆ ಕಡಲೆ ಎದುರಿಗೇ ಬಂದು ಕೂತಿದೆ, ನೀನು ಗಂಟುಮೂಟೆ ಕಟ್ತಿದೀಯ."

ಉಳಿದಿದ್ದದ್ದು ಸಂಸ್ಥೆಯವರು ಕೇಳಿದ್ದ, ಬಾಯಿ ಪೂರ್ತಿ ಬರುವ ಒಂದು ಎಕ್ಸ್‌ರೇ ಮಾತ್ರ. ಅದು ಯಾಕೆಂದು ಅಕ್ಕನಿಗೆ ಅವಳು ಹೇಳಿರಲಿಲ್ಲ.

ಈಗ ಒಳಕೋಣೆಯಿಂದ ಗುಂಯ್ ಎಂದು ಸದ್ದು ಬಂತು. ಅಜ್ಜನೊಬ್ಬ ದವಡೆ ಉಜ್ಜಿಕೊಳ್ಳುತ್ತ ಹೊರಬಂದ. ಹಿಂದೆಯೇ ಅಸಿಸ್ಟೆಂಟ್ ಹೆಂಗಸು, "ಎಕ್ಸ್‌ರೇ ಚೆನ್ನಾಗಿ ಬಂದಿದೆ ಸಾರ್," ಅಂದಳು.

ಕುರ್ಚಿಯಲ್ಲಿ ಕೂತಿದ್ದ ನರ್ಸ್ ಎದ್ದಳು. "ಕೆಟ್ಟಿರೋ ಮಿಷಿನ್ನು ಭಾರಿ ಚೆನ್ನಾಗಿ ಓಡ್ತಿದೆಯಲ್ಲ." ಸಿಟ್ಟಿನ ಅಡಿಯಲ್ಲಿ ಒಂದು ಆಸೆಯೂ ಮಿಸುಕಾಡಿತು. "ನನ್ನ ತಡೆಯೋದಾದ್ರೆ ಬಾಯಿಬಿಟ್ಟು ತಡೀರಿ. ಮಿಷಿನ್ ಮೇಲೆ ಯಾಕೆ ಹಾಕ್ತೀರಿ?"

"ತಡೀತಿಲ್ಲ." ಅವನು ನಲ್ಲಿ ನಿಲ್ಲಿಸಿದ. "ಆವತ್ತು ಬಸ್ಸಿಗೆ ಬೆಂಕಿ ಬಿತ್ತಲ್ಲ, ನೆನಪಿದೆಯಾ?"

ಆ ವಾಸನೆ ಎಷ್ಟು ತೊಳೆದರೂ ಅವಳ ಕೂದಲು ಬಿಟ್ಟಿರಲಿಲ್ಲ.

"ಉಸಿರಿದ್ದವರನ್ನ ನಿಮ್ಮ ವಾರ್ಡಿಗೆ ತಂದ್ರು. ಮಿಕ್ಕವರ ಗುರುತು ಹಿಡಿಯೋಕೆ ನನ್ನ ಕರೆಸಿದ್ರು. ಅದರಲ್ಲಿ ನನ್ನ ಪೇಷೆಂಟುಗಳಿದ್ರು. ಹಳೇ ಎಕ್ಸ್‌ರೇ ಪಕ್ಕದಲ್ಲಿ ಇಟ್ಕೊಂಡು, ಇದು ಇವರೇ ಅಂತ ಹೇಳಿದವನು ನಾನು. ನಿಮ್ಮದನ್ನ ಯಾಕೆ ಕೇಳ್ತಿದಾರೆ ಅಂತ ನಿಮಗೆ ಗೊತ್ತಿಲ್ವಾ?"

ಗೊತ್ತಿತ್ತು. ಆಸ್ಪತ್ರೆಯ ಮೇಲೆ ಬಾಂಬು ಬಿದ್ದು ಮುಖ ಉಳಿಯದೇ ಹೋದರೆ, ಹಲ್ಲು ನೋಡಿ ಹೆಸರು ಹೇಳಲಿಕ್ಕೆ.

"ತೆಗೆದ್ರೆ ಆ ದಿನಕ್ಕೆ ನಾನೇ ಜಾಗ ಮಾಡಿಟ್ಟ ಹಾಗೆ. ಕೈ ಬರ್ತಿಲ್ಲ."

ಅವಳ ಸಿಟ್ಟು ಇಳಿದುಹೋಯಿತು. "ಬಿಡಿ, ಬೇರೆ ಕಡೆ ತೆಗೆಸ್ಕೋತೀನಿ."

"ಬೇಡ." ಅವನು ಗಟ್ಟಿಯಾಗಿ ಅಂದ. "ನಿಮ್ಮ ಗುರುತು ಹೇಳೋ ಕೆಲಸ ಬಂದ್ರೆ, ಮುಖವೇ ನೋಡದ ಯಾರೋ ಹೇಳೋದು ಬೇಡ."

ಕೋಣೆಯಲ್ಲಿ ಭಾರದ ಏಪ್ರನ್ನನ್ನು ಅವಳ ಹೆಗಲಿಗೆ ಹೊದಿಸಿ, ಗದ್ದವನ್ನು ಮಿಷಿನ್ನಿಗೆ ಒರಗಿಸಿ, ಹಲ್ಲಲ್ಲಿ ಕಚ್ಚಿಹಿಡಿಯಲು ಕಡ್ಡಿ ಕೊಟ್ಟ. "ನಾಲಿಗೆ ಮೇಲಕ್ಕೆ. ಅಲ್ಲಾಡಬೇಡಿ." ಗೋಡೆಯ ಆಚೆ ಹೋದ. ಮಿಷಿನ್ ಅವಳ ಮುಖದ ಸುತ್ತ ಮೆಲ್ಲಗೆ ತಿರುಗತೊಡಗಿತು.

"ನಾನು ನಿಮ್ಮನ್ನ ಪ್ರೀತಿಸ್ತೀನಿ," ಅಂದಿತು ಗೋಡೆಯಾಚೆಯ ದನಿ. "ಅಲ್ಲಾಡಬೇಡಿ."

ಪರದೆಯ ಮೇಲೆ ಅವಳ ದವಡೆ ಮಂಜುಮಂಜಾಗಿ ಕಲೆಸಿಹೋಗಿತ್ತು.

"ಅಲ್ಲಾಡಿದ್ರಿ."

"ಕಲ್ಲಾಗಿದ್ರೂ ಅಲ್ಲಾಡ್ತಿತ್ತು."

"ಇದು ಕೆಲಸಕ್ಕೆ ಬರಲ್ಲ. ಯಾರೂ ಗುರುತು ಹಿಡಿಯೋಕಾಗಲ್ಲ."

ಇಬ್ಬರಿಗೂ ನಗು ಬಂತು. ಅರ್ಧಕ್ಕೇ ನಿಂತಿತು.

ಎರಡನೇ ಸಲ ಅವನು ಮಾತಾಡಲಿಲ್ಲ. ಅವಳು ಸತ್ತವಳಂತೆ ನಿಂತಳು. ಚಿತ್ರ ನಿಚ್ಚಳವಾಗಿ ಬಂತು. ಅವನು ತುಂಬಿದ ಹಲ್ಲುಗಳು ಬೆಳ್ಳಗೆ, ಕಿತ್ತ ಜಾಗ ಕಪ್ಪಗೆ. ತುಟಿಯಿಲ್ಲ, ಕೆನ್ನೆಯಿಲ್ಲ. ಇಷ್ಟು ವರ್ಷ ಸಾವು ವಾರ್ಡಿನಲ್ಲಿ ಬೇರೆಯವರ ಮಂಚದ ಮೇಲೆ ಮಲಗಿರುತ್ತಿತ್ತು. ಇವತ್ತು ಅದಕ್ಕೆ ತನ್ನದೇ ಹಲ್ಲುಗಳಿರುವುದನ್ನು ಅವಳು ಕಂಡಳು.

"ನನಗೆ ಹೆದರಿಕೆ ಆಗ್ತಿದೆ," ಅಂದಳು.

ಅಕ್ಕನಿಗೆ ಹೇಳಿರಲಿಲ್ಲ. ಸಂಸ್ಥೆಯವರಿಗೆ, ಕನ್ನಡಿಗೆ ಕೂಡ ಹೇಳಿರಲಿಲ್ಲ. ಪ್ರೀತಿಸ್ತೀನಿ ಎನ್ನುವುದು ಇದಕ್ಕಿಂತ ಸುಲಭವಿತ್ತು.

ಹೋಗಬೇಡಿ ಎನ್ನುತ್ತಾನೇನೋ ಎಂದು ಕಾದಳು. ಅಂದಿದ್ದರೆ ನಿಂತುಬಿಡುತ್ತಿದ್ದಳು. ಅದು ತಿಳಿದವನಂತೆ ಅವನು ತುಟಿ ಬಿಗಿಹಿಡಿದ. ಕೈಗವಸು ಕಳಚಿ, ಬರಿಗೈಯನ್ನು ಅವಳ ಕೆನ್ನೆಗೆ ಇಟ್ಟ. ಎಷ್ಟೋ ಸಲ ಹಿಡಿದ ಮುಖ. ಕೈಗವಸಿಲ್ಲದೆ ಇದೇ ಮೊದಲು.

"ನನಗೂ," ಅಂದ. "ಏರ್‌ಪೋರ್ಟಿಗೆ ಬರಲಾ?"

"ಅಕ್ಕ ಇರ್ತಾಳೆ. ನಿಮ್ಮನ್ನ ಹುರಿದು ಮುಕ್ತಾಳೆ."

"ಮುಕ್ಕಲಿ."

ಅವಳು ಅವನ ಕೈಯನ್ನು ಕೆನ್ನೆಯ ಮೇಲೆಯೇ ಒತ್ತಿ ಹಿಡಿದುಕೊಂಡಳು. ಅವನು ಇನ್ನೊಂದು ಕೈಯಿಂದ ಚಿತ್ರವನ್ನು ಸಂಸ್ಥೆಗೆ ಕಳಿಸಿದ. ಹೋಯಿತು ಎಂದು ಪರದೆ ತೋರಿಸಿತು. ಹೊರಗೆ ಕಾಯುತ್ತಿದ್ದವರು ಯಾರೋ ಕೆಮ್ಮಿದರು. ಇಬ್ಬರೂ ಕದಲಲಿಲ್ಲ.