ಬಸುರಿಯ ಬಾಟಲಿಯಲ್ಲಿ ಸಕ್ಕರೆ

"ಸಕ್ಕರೆನೂ ಇಲ್ಲ, ಏನೂ ಇಲ್ಲ. ನನ್ನ ಸೊಸೇನ ಸುಮ್ಸುಮ್ನೆ ಉಪವಾಸ ಕೆಡವಿದ್ಲಲ್ಲ ಇವಳು?"

ಬಸುರಿಯೊಬ್ಬಳ ಅತ್ತೆಮ್ಮ ಆಸ್ಪತ್ರೆಯ ಚೀಟಿಯನ್ನು ಆರೋಗ್ಯ ಕೇಂದ್ರದ ಮೇಜಿನ ಮೇಲೆ ಕುಕ್ಕಿ, ನಗುಮುಖಿಯನ್ನು ದುರುಗುಟ್ಟಿ ನೋಡಿದಳು. ನಗುಮುಖಿ ನನ್ನ ಹಾಗೆಯೇ ಆರೋಗ್ಯ ಕಾರ್ಯಕರ್ತೆ. ಅಕ್ಕಪಕ್ಕದ ಬೀದಿಗಳಲ್ಲಿ ಮನೆಮನೆ ತಿರುಗುವವರು ನಾವು. ನಾನು ಹೋದರೆ ಬಾಗಿಲಲ್ಲೇ ಮಾತಾಡಿಸಿ ಕಳಿಸುತ್ತಾರೆ. ಅವಳು ಹೋದರೆ ಒಳಗೆ ಕರೆದು ಕುರ್ಚಿ ಎಳೆಯುತ್ತಾರೆ. ಅವಳ ಮುಖ ಬಾಡಿದ್ದು ಕಂಡು ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಅತ್ತೆಮ್ಮನ ಕಿರಿಯ ಸೊಸೆ ಬಸುರಿ. ಅವಳ ಮೂತ್ರವನ್ನು ನಗುಮುಖಿ ಎರಡು ಸಲ ಪರೀಕ್ಷಿಸಿದ್ದಳು; ಎರಡು ಸಲವೂ ಕಾಗದದ ಪಟ್ಟಿ ಬಣ್ಣ ತಿರುಗಿ ಸಕ್ಕರೆ ತೋರಿಸಿತ್ತು. ಆಸ್ಪತ್ರೆಯಲ್ಲಿ ರಕ್ತ ನೋಡಿದರೆ ಚೊಕ್ಕ. ವೈದ್ಯರು ಖಡಾಖಂಡಿತವಾಗಿ ಹೇಳಿದ್ದರು— ಸಂಜೆಯೊಳಗೆ ಕಾರಣ ತಿಳಿಯದಿದ್ದರೆ ನಗುಮುಖಿಯ ಕೆಲಸ ಹೋಯಿತು. ಅವಳ ಬೀದಿ ನನಗೆ ಬರುತ್ತಿತ್ತು.

ನಮ್ಮ ಮೇಲ್ವಿಚಾರಕಿ ಸಿಸ್ಟರ್ ನನ್ನತ್ತ ತಿರುಗಿದರು.

"ನೀನೇನಾದ್ರೂ ಬಾಟ್ಲಿಗೆ ಸಕ್ಕರೆ ಹಾಕಿದ್ಯಾ?"

"ನಾನಾ?"

"ಅವಳನ್ನ ಕಂಡ್ರೆ ನಿನಗಾಗಲ್ಲ."

"ಆಗಲ್ಲ, ನಿಜ. ಆದ್ರೆ ಬಾಟ್ಲಿ ಮುಟ್ಟಿಲ್ಲ."

"ಹಾಗಾದ್ರೆ ಜೊತೆಗೆ ಬಾ."

ನಾವು ಮೂವರೂ ಅತ್ತೆಮ್ಮನ ಹಿಂದೆ ಅವಳ ಮನೆಗೆ ಹೋದೆವು. ಬಸುರಿ ಮಂಚದ ಮೇಲೆ ಒರಗಿದ್ದಳು. ಅವಳ ಓರಗಿತ್ತಿ, ಆ ಮನೆಯ ಹಿರಿಯ ಸೊಸೆ, ನಮಗೆ ಕುರ್ಚಿ ಹಾಕಿ ಒಂದು ಲೋಟ ನೀರು ಗಟಗಟನೆ ಕುಡಿದಳು. ಮತ್ತೊಂದು ಲೋಟ ಬಗ್ಗಿಸಿಕೊಂಡಳು. ತೊಟ್ಟ ಬಟ್ಟೆ ಅವಳ ಭುಜದ ಮೇಲೆ ನಿಲ್ಲುತ್ತಿರಲಿಲ್ಲ.

"ಇವಳ್ಯಾಕೆ ಹೀಗೆ ಸೊರಗಿದಾಳೆ?" ಸಿಸ್ಟರ್ ಕೇಳಿದರು.

"ಹೊಟ್ಟೆಕಿಚ್ಚು," ಅತ್ತೆಮ್ಮ ಮೂತಿ ತಿರುವಿದಳು. "ಇವಳಿಗೆ ಮಕ್ಕಳಾಗಲಿಲ್ಲ. ಚಿಕ್ಕವಳು ಬಸುರಿಯಾದಾಗಿಂದ ಒಣಗ್ತಾ ಇದಾಳೆ. ಸಕ್ಕರೆ ಬೆರೆಸಿದ್ದೂ ಇವಳೇ ಇರ್ಬೇಕು."

"ಸಕ್ಕರೆ ಡಬ್ಬ ನಿಮ್ಮ ಹತ್ರಾನೇ ಇರತ್ತಲ್ಲ, ಅತ್ತೆ," ಎಂದಳು ಹಿರಿಯ ಸೊಸೆ.

ಸಿಸ್ಟರ್ ಡಬ್ಬ ತರಿಸಿದರು. ನೀರಿಗೆ ಒಂದು ಚಮಚ ಸಕ್ಕರೆ ಕದಡಿ ಪಟ್ಟಿ ಅದ್ದಿದರು. ಬಣ್ಣ ತಿರುಗಲಿಲ್ಲ. ಇನ್ನಷ್ಟು ಸುರಿದರು. ಊಹೂಂ.

"ಪಟ್ಟಿ ಕೆಟ್ಟಿರ್ಬೇಕು," ಎಂದೆ ನಾನು. ಕೆಟ್ಟ ಪಟ್ಟಿ ಬಳಸಿದ್ದು ನಗುಮುಖಿಯ ತಪ್ಪಾಗುತ್ತದೆ; ಇಲ್ಲವಾದರೆ ಅವಳು ಪಾರಾಗಿಬಿಟ್ಟಾಳು ಎಂಬ ಆತಂಕ ನನಗೆ.

"ಕೆಟ್ಟಿಲ್ಲ. ಮೈಯಿಂದ ಇಳಿಯೋ ಸಕ್ಕರೆ ಬೇರೆ, ಅಡುಗೆಮನೇದು ಬೇರೆ. ಅಡುಗೆಮನೇದು ಈ ಪಟ್ಟಿಗೆ ಗೊತ್ತಾಗಲ್ಲ. ಅಂದ್ರೆ ಬಾಟ್ಲಿಗೆ ಯಾರೂ ಸಕ್ಕರೆ ಹಾಕಿಲ್ಲ. ಇವಳ ರಕ್ತ ಚೊಕ್ಕ ಇರೋದ್ರಿಂದ, ಅದರಲ್ಲಿದ್ದದ್ದು ಬೇರೆ ಯಾರದೋ ಮೂತ್ರ." ಸಿಸ್ಟರ್ ಬಸುರಿಯನ್ನು ಕೇಳಿದರು: "ಬಾಟ್ಲಿ ನಗುಮುಖಿಗೆ ಕೊಡೋದು ಯಾರಮ್ಮ?"

"ಅಕ್ಕ. ನಾನು ಬಚ್ಚಲಲ್ಲಿ ಇಟ್ಟು ಬರ್ತೀನಿ. ಅಕ್ಕ ತಂದುಕೊಡ್ತಾಳೆ."

ಹಿರಿಯ ಸೊಸೆ ಲೋಟವನ್ನು ಕೆಳಗಿಟ್ಟಳು.

"ಎಷ್ಟು ಕುಡಿದ್ರೂ ಆರದ ಬಾಯಾರಿಕೆ, ದಿನದಿನಕ್ಕೂ ಸೊರಗೋ ಮೈ," ಸಿಸ್ಟರ್ ದನಿ ತಗ್ಗಿಸಿದರು. "ಎಲ್ಲರ ಕಣ್ಣೆದುರೇ ಇತ್ತು. ಹೊಟ್ಟೆಕಿಚ್ಚು ಅಂತ ಯಾರೂ ಎರಡನೇ ಸಲ ನೋಡ್ಲಿಲ್ಲ. ಇದು ಸಕ್ಕರೆ ಕಾಯಿಲೆ. ಬಾಟ್ಲಿ ಬದಲಿಸಿದ್ದು ನೀನೇ ಅಲ್ವಾ?"

ಹಿರಿಯ ಸೊಸೆ ಹೌದೆಂದು ತಲೆಯಾಡಿಸಿದಳು. ಆಗಲೇ ಅವಳ ಮೂತ್ರ ತರಿಸಿ ನೋಡಿದರು. ಪಟ್ಟಿ ಕಡುಗಂದು ಬಣ್ಣಕ್ಕೆ ತಿರುಗಿತು.

"ಯಾಕಮ್ಮಾ?"

"ಅವಳ ತೂಕ ನೋಡ್ತಾರೆ, ಕಾಲು ಊದಿದ್ಯಾ ನೋಡ್ತಾರೆ. ಉಂಡ್ಯಾ, ನಿದ್ದೆ ಬಂತಾ ಅಂತ ಕೇಳ್ತಾರೆ. ನಾನು ಪಕ್ಕದಲ್ಲೇ ನಿಂತಿರ್ತೀನಿ. ನನ್ನದನ್ನೂ ಒಂದು ಸಲ ಯಾರಾದ್ರೂ ನೋಡ್ಲಿ ಅನ್ನಿಸ್ತು."

"ಎರಡನೇ ಸಲ?"

"ಸಕ್ಕರೆ ಇದೆ ಅಂತ ಅವಳ ತಟ್ಟೆಯಿಂದ ಸಿಹಿ ಎತ್ತಿಟ್ರು. ನನಗೆ ಖುಷಿಯಾಯ್ತು."

"ಕಾಯಿಲೆ ನಿನ್ನದು ಅಂತ ಹೊಳೀಲಿಲ್ವಾ?"

"ಹೊಳೀತು. ಹೇಳಿದ್ರೆ ಬಾಟ್ಲಿ ಬದಲಿಸಿದ್ದೂ ಹೇಳ್ಬೇಕಿತ್ತಲ್ಲ."

ಸಿಸ್ಟರ್ ವೈದ್ಯರಿಗೆ ಫೋನ್ ಮಾಡಿದರು. ನಗುಮುಖಿಯ ಕೆಲಸ ಉಳಿಯಿತು.

ನಗುಮುಖಿ ನೆಲದ ಮೇಲೆ ಹಿರಿಯ ಸೊಸೆಯ ಪಕ್ಕ ಕುಳಿತಳು. ಕೆಲಸಕ್ಕೆ ಕುತ್ತು ಬಂದಾಗಲೂ ಅಳದವಳ ಕಣ್ಣಲ್ಲಿ ಈಗ ನೀರು.

"ಇಷ್ಟು ಸಲ ಬಂದು ಹೋದೆ. ನಿನ್ನನ್ನ ಒಂದು ಮಾತೂ ಕೇಳ್ಲಿಲ್ಲ ನಾನು. ಏಳು, ಆಸ್ಪತ್ರೆಗೆ ಹೋಗೋಣ."

"ಆಮೇಲೂ ಬರ್ತೀಯಾ? ನಾನು ಬಸುರಿ ಅಲ್ವಲ್ಲ."

"ಬರ್ತೀನಿ. ನಿನ್ನನ್ನ ನೋಡೋಕೇ ಬರ್ತೀನಿ."

ನಗುಮುಖಿಯ ಕೆಲಸವನ್ನೇ ಕಳೆಯಲಿದ್ದ ಹೆಂಗಸು ಅವಳ ಕೈಯನ್ನು ಎರಡೂ ಕೈಗಳಿಂದ ಗಟ್ಟಿಯಾಗಿ ಹಿಡಿದುಕೊಂಡಳು. ನನ್ನ ಬೀದಿಯಲ್ಲಿ ಯಾರೂ ನನ್ನ ಕೈಯನ್ನು ಹಾಗೆ ಹಿಡಿದವರಿಲ್ಲ. ಬಾಗಿಲಲ್ಲಿ ನಿಂತಿದ್ದ ನನಗೆ ಅದನ್ನು ಕಂಡೂ ಹೊಟ್ಟೆ ಉರಿಯಿತು.