ಒಳಕೋಣೆಯ ಹೂಂ

ಬಸವಾಪಟ್ಟಣದ ನಮ್ಮ ಮನೆಯಲ್ಲಿ ಪುರಾಣ ಓದುವಾಗ ಕೇಳುವವರೊಬ್ಬರು ಹೂಂಗುಟ್ಟಲೇಬೇಕು. ಅವರು ಹೂಂ ಅನ್ನುತ್ತಿರುವಾಗ ಓದುವವರು ಕಥೆಯನ್ನು ನಡುವೆ ನಿಲ್ಲಿಸಬಾರದು. ಚಿಕ್ಕಂದಿನಲ್ಲಿ ಹೂಂಗುಟ್ಟುವ ಕೆಲಸ ನನ್ನದೇ ಆಗಿತ್ತು.

ಕಳೆದ ಭಾನುವಾರ ಮಧ್ಯಾಹ್ನ ನನ್ನ ಹಳೆಯ ಕಾಮಿಕ್ಸ್ ಹರವಿಕೊಂಡಿದ್ದೆ. ಮಗಳು ಆಶಾಳಿಗೆ ಓದಿ ಹೇಳುವಂಥವನ್ನು ಉಳಿಸಿಕೊಂಡು ಮಿಕ್ಕದ್ದನ್ನು ರದ್ದಿಗೆ ಹಾಕಬೇಕಿತ್ತು. ಪತ್ತೇದಾರಿ ಕಥೆಗಳು ಈಗ ಸಪ್ಪೆ ಎನಿಸಿದವು. ಬಾವಿಯೊಳಗಿನ ರಾಜಕುಮಾರಿಯ ಕಥೆ ಮಾತ್ರ ಮೊದಲಿನಂತೆಯೇ ಹಿಡಿದು ಕೂರಿಸಿತು. ರಾಗವಾಗಿ ಓದತೊಡಗಿದೆ. ಒಳಕೋಣೆಯಿಂದ ‘ಹೂಂ’ ಎಂದು ಕೇಳಿಸಿತು. ಆಶಾ ಎಂದುಕೊಂಡು ಮುಂದುವರಿಸಿದೆ. ಹಾಳೆಗಳು ಬೆರಳಿಗೆ ತಣ್ಣಗೆ, ತೇವವಾಗಿ ಹತ್ತುತ್ತಿದ್ದವು.

ಅಷ್ಟರಲ್ಲಿ ಹೆಂಡತಿ ರುದ್ರಾಣಿ ಆಶಾಳ ಕೈ ಹಿಡಿದು ಹೊರಗಿನಿಂದ ಬಂದಳು.

“ಒಬ್ರೇ ಕುಂತು ಯಾರಿಗ್ರೀ ಓದಿ ಹೇಳ್ತಿದೀರಿ? ರದ್ದಿಯವ್ನು ಬರೋ ಹೊತ್ತಾತು!”

ನಾನು ಬಾಯಿ ತೆರೆಯುವ ಮೊದಲೇ ಆಶಾ ಒಳಕೋಣೆಗೆ ಓಡಿದಳು. ಬಾಗಿಲು ಮುಚ್ಚಿಕೊಂಡಿತು. ತಳ್ಳಿದರೆ ಅಲ್ಲಾಡಲಿಲ್ಲ.

“ಆಶಾ, ಬಾಗ್ಲು ತೆಗಿಯವ್ವ!”

“ಕತೆ ಮುಗೀಲಿ ತಡಿಯಪ್ಪ. ನೀ ಓದು, ಕೇಳಾಕೆ ಇಬ್ರೂ ಕುಂತೀವಿ.”

ಪುಸ್ತಕ ಎತ್ತಿಕೊಂಡು ಬಾಗಿಲ ಬಳಿಯೇ ಕೂತು ಬಿಟ್ಟಲ್ಲಿಂದ ಓದಿದೆ. ಒಳಗಿನಿಂದ ಎರಡು ಹೂಂ ಬಂದವು. ಹಾಳೆ ತಿರುವಿದೆ. ಕೊನೆಯ ಪುಟ ಯಾವತ್ತೋ ಹರಿದುಹೋಗಿತ್ತು.